ಸ್ವಲ್ಪ ತಡ್ಕೊಳ್ಳಿ, ಮಿಸ್ ಬರ್ತಾರೆ

“ನಾವೆಲ್ಲ ತಡ್ಕೊಳ್ಳೋದು ಕಲೀಬೇಕು” ಅಂತ ನಾನು ಮೊದಲ ಸಲ ತರಗತಿಯಲ್ಲಿ ಹೇಳಿದಾಗ ಮೂಲೆಯಿಂದ ಕಿಸಕ್ ಅಂತ ನಗು ಬಂತು. ಆಮೇಲೆ ಇಡೀ ಕೋಣೆ ನಕ್ಕಿತು. ನನಗೆ ಅರ್ಥ ಆಗಲಿಲ್ಲ. ಒಂದನೇ ತರಗತಿಯ ಹುಡುಗಿಯೊಬ್ಬಳು ಕಿರುಬೆರಳು ಎತ್ತಿ ತೋರಿಸಿದ ಮೇಲೆ ತಿಳಿಯಿತು. ಮಕ್ಕಳಿಗೆ ‘ತಡ್ಕೋ’ ಅಂದರೆ ಒಂದಕ್ಕೆ ಬಂದಾಗ ಬಸ್ಸಿನಲ್ಲಿ ಅಮ್ಮ ಹೇಳೋ ಮಾತು. ಅಷ್ಟೇ.

ಆಮೇಲೆ ಯೋಚಿಸಿದರೆ ಅವರು ಹೇಳಿದ್ದು ಸರಿಯಾಗಿಯೇ ಇತ್ತು. ನಾವು ದೊಡ್ಡವರು ಮಕ್ಕಳಿಗೆ ‘ತಡ್ಕೋ’ ಅನ್ನೋದು ಯಾವಾಗ? ಸೂಜಿ ಚುಚ್ಚುವಾಗ. ಹಸಿವಾದಾಗ. ಅಳು ಬಂದಾಗ. ಬಸ್ಸು ನಿಲ್ಲದೇ ಇದ್ದಾಗ. ಬಾಯಿಗೆ ಬಂದ ಉತ್ತರ ತಡ್ಕೋ, ಪಕ್ಕದವನ ರಬ್ಬರ್ ಕಿತ್ತುಕೊಳ್ಳೋಕೆ ಹೋದ ಕೈ ತಡ್ಕೋ ಅಂತ ಯಾರೂ ಕಲಿಸಿಲ್ಲ. ಬೈದಿದ್ದೀವಿ, ಅದು ಬೇರೆ.

ನಾನು ಶಿರಾ ಕಡೆಯ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಕೆಲಸ ಮಾಡೋದು. ನನ್ನದು ನಲಿ-ಕಲಿ ಕೋಣೆ. ಒಂದು, ಎರಡು, ಮೂರು, ಮೂರೂ ತರಗತಿ ಒಟ್ಟಿಗೆ, 25 ಮಕ್ಕಳು. ನಲಿ-ಕಲಿ ಗೊತ್ತಿಲ್ಲದವರಿಗೆ ಒಂದೆರಡು ಮಾತು. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾಗಿ ಆಮೇಲೆ ರಾಜ್ಯದ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆ ಬಂದ ಪದ್ಧತಿ ಇದು. ಸಾಲಾಗಿ ಬೆಂಚು ಇರಲ್ಲ. ಮಕ್ಕಳು ನೆಲದ ಮೇಲೆ ಐದು ಗುಂಪಾಗಿ ಕೂರುತ್ತಾರೆ, ಆ ಗುಂಪಿಗೆ ‘ತಟ್ಟೆ’ ಅಂತ ಹೆಸರು. ಒಂದು ತಟ್ಟೆಯಲ್ಲಿ ಶಿಕ್ಷಕಿ ಪೂರ್ತಿ ಜೊತೆಗಿರಬೇಕು, ಇನ್ನೊಂದರಲ್ಲಿ ಅರ್ಧ, ಕೊನೆಯದರಲ್ಲಿ ಮಗು ತನ್ನಷ್ಟಕ್ಕೆ ತಾನೇ ಕಾರ್ಡು ನೋಡಿಕೊಂಡು ಕಲಿಯಬೇಕು. ಕೇಳೋಕೆ ಚೆನ್ನಾಗಿದೆ ಅಲ್ವಾ? ಆದರೆ ಇದು ನಡೆಯಬೇಕಾದರೆ ಏಳು ವರ್ಷದ ಮಗು, ಮಿಸ್ ಬೇರೆ ತಟ್ಟೆಯಲ್ಲಿ ಇರುವಾಗ, ಪಕ್ಕದವನ ಕಾರ್ಡು ಎಳೆಯದೆ, ಕಿರುಚದೆ, ತನ್ನ ಸರದಿಗೆ ಕಾಯಬೇಕು. ಪದ್ಧತಿ ಪೂರ್ತಿ ಆ ಒಂದು ಕಾಯುವಿಕೆಯ ಮೇಲೆ ನಿಂತಿದೆ. ಅದನ್ನು ಕಲಿಸೋಕೆ ಮಾತ್ರ ಕಾರ್ಡು ಇಲ್ಲ.

ನನ್ನ ಕೋಣೆಯಲ್ಲಿ ಒಬ್ಬ ಹುಡುಗ. ಇಲ್ಲಿ ಅವನನ್ನು ಪುಟ್ಟ ಅಂತ ಕರೀತೀನಿ. ಆಗ ಒಂದನೇ ತರಗತಿ. ಮೂರನೇ ತರಗತಿಯವರಿಗೆ ಪ್ರಶ್ನೆ ಕೇಳಿದರೂ ಉತ್ತರ ಅವನದೇ, ಅದೂ ತಪ್ಪು ಉತ್ತರ. ಕೈ ತೊಳೆಯೋ ನಲ್ಲಿ ಮೂರರಲ್ಲಿ ಒಂದು ಮಾತ್ರ ಸರಿ ಇತ್ತು, ಅಲ್ಲಿ ದಿನಾ ಯಾರಾದರೂ ಒಬ್ಬರು ಬೀಳುತ್ತಿದ್ದರು, ತಳ್ಳಿದವನು ಪುಟ್ಟ. ಆದರೆ ಕೆಟ್ಟ ಹುಡುಗ ಅಲ್ಲ. ಬಿದ್ದವರನ್ನು ಮೊದಲು ಎತ್ತುತ್ತಿದ್ದವನೂ ಅವನೇ. ತಳ್ಳಿದ್ದು ತಾನೇ ಅಂತ ಅವನಿಗೆ ತಿಳಿಯುತ್ತಿದ್ದದ್ದು ತಳ್ಳಿ ಆದ ಮೇಲೆ.

ನನ್ನ ಹತ್ತಿರ ಇದ್ದ ಮದ್ದು ಒಂದೇ. “ಕೈ ಕಟ್!” “ಬಾಯ್ ಮುಚ್!” ನೀವೂ ಇದನ್ನೇ ಕೇಳಿ ಬೆಳೆದಿರುತ್ತೀರಿ. ಎದೆ ಮೇಲೆ ಕೈ ಕಟ್ಟಿ, ತುಟಿ ಮೇಲೆ ಬೆರಳು. ಕೋಣೆ ತಣ್ಣಗಾಗುತ್ತದೆ. ಹೊರಗಡೆಯಿಂದ ನೋಡಿದವರು “ಮಿಸ್ ಕ್ಲಾಸು ಎಷ್ಟು ಶಿಸ್ತು” ಅನ್ನುತ್ತಾರೆ. ನನಗೂ ಹೆಮ್ಮೆ ಇತ್ತು. ಆದರೆ ಫೋನು ಬಂದು ಬಾಗಿಲು ದಾಟಿದರೆ ಸಾಕು, ಹಿಂದೆ ಸಂತೆ. ಕಟ್ಟಿದ್ದ ಕೈಯನ್ನು ಕಟ್ಟಿಸಿದ್ದು ನಾನು. ನಾನು ಹೋದರೆ ಕೈಯೂ ಬಿಚ್ಚಿಕೊಳ್ಳುತ್ತದೆ.

ಪುಟ್ಟನ ಅಮ್ಮ ಗಾರ್ಮೆಂಟ್ಸ್‌ಗೆ ಹೋಗೋರು. ಒಂದು ದಿನ ಬೆಳಿಗ್ಗೆ ಬಸ್ಸಿಗೆ ಹೋಗುವ ಮುಂಚೆ ಓಡಿ ಬಂದರು. “ಮಿಸ್, ಎರಡು ಬಿಡಿ. ನಾನೇನೂ ಕೇಳಲ್ಲ. ಸರಿ ಹೋಗ್ತಾನೆ.”

“ಹೊಡೆಯಂಗಿಲ್ಲಮ್ಮ, ಕಾನೂನಿದೆ” ಅಂದೆ. ಇದೆ, 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್. ಹಾಗಂದೆನೇ ಹೊರತು ಹೊಡೆದರೆ ಸರಿ ಹೋಗಲ್ಲ ಅಂತ ಅವರಿಗೆ ಹೇಳಲಿಲ್ಲ. ಆಗ ನನಗೂ ಅದರಲ್ಲಿ ಪೂರ್ತಿ ನಂಬಿಕೆ ಇರಲಿಲ್ಲ ಅನ್ನಿಸುತ್ತದೆ.

ಈಗ ಚಿಕ್ಕಿ ವಿಷಯ. ಹೇಳೋಕೆ ಸ್ವಲ್ಪ ನಾಚಿಕೆ.

ಶಿಕ್ಷಕರ ವಾಟ್ಸಾಪ್ ಗ್ರೂಪಿನಲ್ಲಿ ಒಂದು ವಿಡಿಯೋ ಓಡಾಡುತ್ತಿತ್ತು. ಅಮೆರಿಕದ ಮಕ್ಕಳ ಮುಂದೆ ಒಂದು ಮೆತ್ತಗಿನ ಬಿಳಿ ಮಿಠಾಯಿ ಇಟ್ಟು “ನಾನು ಬರೋವರೆಗೆ ತಿನ್ನದೆ ಇದ್ದರೆ ಇನ್ನೊಂದು ಕೊಡ್ತೀನಿ” ಅಂತ ಹೇಳಿ ಹೋಗೋದು. ಮಾರ್ಷ್‌ಮ್ಯಾಲೋ ಪರೀಕ್ಷೆ. ವಾಲ್ಟರ್ ಮಿಶೆಲ್ ಅನ್ನುವ ಮನಶ್ಶಾಸ್ತ್ರಜ್ಞ 1960ರ ದಶಕದ ಕೊನೆಯಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರದಲ್ಲಿ ಶುರು ಮಾಡಿದ್ದು. ಕಾದ ಮಕ್ಕಳು ಮುಂದೆ ಓದಿನಲ್ಲಿ ಜಾಣರಾದರು ಅಂತ ವಿಡಿಯೋದಲ್ಲಿ ಹೇಳುತ್ತಾರೆ. ನನಗೂ ಹುಚ್ಚು ಹಿಡಿಯಿತು. ಒಂದು ಶನಿವಾರ ಬೆಳಗಿನ ಶಾಲೆ. ಪೆಟ್ಟಿಗೆ ಅಂಗಡಿಯಿಂದ ಕಡ್ಲೆಕಾಯಿ ಚಿಕ್ಕಿ ತಂದೆ. ಎಲ್ಲರ ಕೈಗೂ ಒಂದೊಂದು ಕೊಟ್ಟೆ. “ಆಫೀಸ್ ರೂಮಿಗೆ ಹೋಗಿ ಬರ್ತೀನಿ. ಯಾರ ಕೈಯಲ್ಲಿ ಇದು ಹಾಗೇ ಇರುತ್ತೋ ಅವರಿಗೆ ಇನ್ನೊಂದು.”

ಹತ್ತು ನಿಮಿಷ ಬಿಟ್ಟು ಬಂದೆ. 25 ಮಕ್ಕಳಲ್ಲಿ ಆರು ಜನರ ಹತ್ತಿರ ಮಾತ್ರ ಚಿಕ್ಕಿ ಇತ್ತು. ಒಬ್ಬಳು ಲಂಗದ ತುದಿಗೆ ಗಂಟು ಹಾಕಿ ಇಟ್ಟುಕೊಂಡಿದ್ದಳು. ಒಬ್ಬನ ಚಿಕ್ಕಿ ನಾಲ್ಕೂ ಅಂಚು ನೆಕ್ಕಿ ನೆಕ್ಕಿ ದುಂಡಗಾಗಿತ್ತು, ಲೆಕ್ಕಕ್ಕೆ ತಗೋಬೇಕೋ ಬೇಡವೋ ಗೊತ್ತಾಗಲಿಲ್ಲ, ತಗೊಂಡೆ. ಪುಟ್ಟ ಬೆರಳಿಗೆ ಅಂಟಿದ ಬೆಲ್ಲ ಚೀಪುತ್ತಾ ಪಕ್ಕದವಳ ಚಿಕ್ಕಿ ನೋಡುತ್ತಾ ಕೂತಿದ್ದ.

ನೋಡಿದ್ರಾ, ಈ ಮಕ್ಕಳಿಗೆ ತಾಳ್ಮೆನೇ ಇಲ್ಲ ಅಂತ ಮನಸ್ಸಿನಲ್ಲೇ ಅಂದುಕೊಂಡೆ. ಆರು ಜನರಿಗೆ ಎರಡನೆಯದು ಕೊಟ್ಟೆ. ಹತ್ತೊಂಬತ್ತು ಜನ ನೋಡುತ್ತಾ ಕೂತರು. ಆ ಹತ್ತೊಂಬತ್ತು ಮುಖ ಈಗಲೂ ನೆನಪಿಗೆ ಬರುತ್ತವೆ. ಮಕ್ಕಳ ಬಾಯಿಯ ತಿಂಡಿ ಇಟ್ಟುಕೊಂಡು ಆಟ ಆಡಬಾರದು. ನಾನು ಆಡಿದೆ.

ಗಂಟೆ ಹೊಡೆದ ಮೇಲೆ ಮೂರನೇ ತರಗತಿಯ ಒಬ್ಬಳನ್ನು ಕೇಳಿದೆ. ಜಾಣೆ, ನಿಧಾನಸ್ಥೆ, ಅವಳು ತಿಂದಿದ್ದು ನನಗೆ ಆಶ್ಚರ್ಯ. “ನೀನ್ಯಾಕೆ ತಿಂದೆ ಪುಟ್ಟಿ?”

“ನೀವು ಕೊಡ್ತೀರೋ ಇಲ್ವೋ ಗೊತ್ತಿರ್ಲಿಲ್ಲ ಮಿಸ್.”

“ಕೊಡ್ತೀನಿ ಅಂದಿದ್ದೆ ತಾನೆ?”

ಅವಳು ಸ್ವಲ್ಪ ಹೊತ್ತು ನೆಲ ನೋಡಿದಳು. “ಬಣ್ಣದ ಪೆನ್ಸಿಲ್ ತರ್ತೀನಿ ಅಂದಿದ್ರಿ.”

ತಂದಿರಲಿಲ್ಲ. ತಾಲ್ಲೂಕಿನಲ್ಲಿ ತರಬೇತಿ ಇತ್ತು, ಬರುವಾಗ ಎಲ್ಲರಿಗೂ ಬಣ್ಣದ ಪೆನ್ಸಿಲ್ ತರ್ತೀನಿ ಅಂತ ಹೇಳಿ ಹೋಗಿದ್ದೆ. ಅಲ್ಲಿಂದ ಬಂದ ಮೇಲೆ ಮತದಾರರ ಪಟ್ಟಿ ಕೆಲಸ ಬಿತ್ತು, ಮನೆ ಮನೆ ಸುತ್ತಿದೆ, ಮರೆತೇ ಹೋಯ್ತು. ನನಗೆ ಮರೆತಿತ್ತು. ಅವಳಿಗೆ ಮರೆತಿರಲಿಲ್ಲ. ಅವತ್ತು ಮನೆಗೆ ಹೋಗಿ ಲೆಕ್ಕ ಹಾಕಿದೆ. “ನಾಳೆ ಆಟ ಆಡಿಸ್ತೀನಿ.” “ಊಟ ಆದ್ಮೇಲೆ ಕತೆ.” “ಶುಕ್ರವಾರ ನಿನ್ನ ಚಿತ್ರ ದಾರದ ಚಪ್ಪರಕ್ಕೆ ತೂಗುಹಾಕ್ತೀನಿ.” ದಿನಕ್ಕೆ ನಾಲ್ಕೈದು ಮಾತು ಕೊಡುತ್ತಿದ್ದೆ, ಸುಮ್ನೆ ಆ ಹೊತ್ತಿಗೆ ಗಲಾಟೆ ನಿಲ್ಲಲಿ ಅಂತ.

ಆಮೇಲೆ ಹುಡುಕಿ ಓದಿದಾಗ ಒಂದು ವಿಷಯ ಸಿಕ್ಕಿತು. ಓದಿ ಮೈ ಜುಮ್ ಅಂತು. 2013ರಲ್ಲಿ ಪ್ರಕಟವಾದ ಅಧ್ಯಯನ, ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾಲಯದ ಸೆಲೆಸ್ಟ್ ಕಿಡ್ ಮತ್ತು ಜೊತೆಗಾರರು ಅದೇ ಮಿಠಾಯಿ ಪರೀಕ್ಷೆ ಮಾಡಿದರು, 28 ಮಕ್ಕಳ ಮೇಲೆ. ಆದರೆ ಅದಕ್ಕೆ ಮುಂಚೆ ಒಂದು ಕೆಲಸ ಮಾಡಿದರು. ಮಕ್ಕಳಿಗೆ ಹಳೆಯ ಬಣ್ಣದ ಕಡ್ಡಿ (ಕ್ರೇಯಾನ್) ಕೊಟ್ಟು “ತಾಳು, ಒಳ್ಳೆಯದು ತರ್ತೀನಿ” ಅಂತ ಹೇಳಿ ಹೋದರು. ಅರ್ಧ ಮಕ್ಕಳಿಗೆ ತಂದು ಕೊಟ್ಟರು. ಇನ್ನರ್ಧ ಮಕ್ಕಳ ಹತ್ತಿರ ಬರಿಗೈಯಲ್ಲಿ ಬಂದು “ಇಲ್ಲ ಕಣೋ, ಸಿಗಲಿಲ್ಲ” ಅಂದರು. ಆಮೇಲೆ ಮಿಠಾಯಿ ಇಟ್ಟರು. ತಂದುಕೊಟ್ಟವರ ಮಾತು ನಂಬಿದ ಮಕ್ಕಳು ಸರಾಸರಿ 12 ನಿಮಿಷ ಕಾದರು. ಮೋಸ ಹೋದ ಮಕ್ಕಳು ಮೂರೇ ನಿಮಿಷ. ಬಣ್ಣದ ಕಡ್ಡಿ! ನನ್ನ ಪೆನ್ಸಿಲ್ ಕತೆ ಯಾರೋ ಹೇಳಿಕೊಟ್ಟ ಹಾಗಿತ್ತು.

ಇನ್ನೊಂದು ಅಧ್ಯಯನ 2018ರದ್ದು, 900ಕ್ಕೂ ಹೆಚ್ಚು ಮಕ್ಕಳದ್ದು. ಅದರಲ್ಲಿ ಮನೆಯ ಪರಿಸ್ಥಿತಿಯನ್ನೂ ಲೆಕ್ಕಕ್ಕೆ ತಗೊಂಡಾಗ, ಕಾಯೋದಕ್ಕೂ ಮುಂದೆ ಓದಿನಲ್ಲಿ ಮುಂದೆ ಬರೋದಕ್ಕೂ ಇದ್ದ ನಂಟು ತುಂಬ ತೆಳುವಾಯಿತು. ವಿಡಿಯೋದಲ್ಲಿ ಅದು ಇರಲಿಲ್ಲ. ಗ್ರೂಪಿನಲ್ಲಿ ಇದನ್ನು ಹಾಕಿದೆ, ಯಾರೂ ಹೆಬ್ಬೆರಳೂ ಒತ್ತಲಿಲ್ಲ.

ಇದು ನನಗೆ ಯಾರೂ ಹೇಳದೆಯೇ ಗೊತ್ತಿರಬೇಕಿತ್ತು. ನಾವು ಐದು ಜನ ಮಕ್ಕಳು. ಸಂತೆ ದಿನ ಅಪ್ಪ ಬತ್ತಾಸು, ಕಡ್ಲೆಪುರಿ ತರೋರು. ನನ್ನ ಪಾಲನ್ನು ನಾಳೆಗೆ ಅಂತ ಡಬ್ಬಿಯಲ್ಲಿ ಇಟ್ಟೆನೋ, ಬೆಳಿಗ್ಗೆ ಡಬ್ಬಿ ಖಾಲಿ, ಅಣ್ಣ ಶಾಲೆಗೆ ಹೋಗಿ ಆಗಿರುತ್ತಿತ್ತು. ಎರಡು ವಾರದಲ್ಲಿ ಕಲಿತೆ. ಕೈಗೆ ಬಂದದ್ದು ಬಾಯಿಗೆ. ಅದು ತಾಳ್ಮೆ ಇಲ್ಲದ್ದಲ್ಲ, ಬುದ್ಧಿವಂತಿಕೆ. ಅದೇ ಬುದ್ಧಿವಂತಿಕೆಯನ್ನು ಈ ಮಕ್ಕಳಲ್ಲಿ ನೋಡಿ ತಪ್ಪು ಅಂದಿದ್ದೆ.

ಸೋಮವಾರ ಪೆನ್ಸಿಲ್ ತಂದೆ. ಆಮೇಲೆ ಗೋಡೆಯ ಕೆಳಗಿನ ಕಪ್ಪು ಹಲಗೆ ಇದೆಯಲ್ಲ, ಮಕ್ಕಳು ಬರೆಯೋದು, ಅದರ ಒಂದು ಮೂಲೆಯಲ್ಲಿ ಚೌಕ ಹಾಕಿ ‘ಮಿಸ್ ಕೊಟ್ಟ ಮಾತು’ ಅಂತ ಬರೆದೆ. ಏನು ಹೇಳಿದರೂ ಅಲ್ಲಿ ಬರೆಯೋದು. ಆದ ಮೇಲೆ ಮಕ್ಕಳೇ ಅಳಿಸೋದು. ಮೊದಲ ವಾರ ಮಕ್ಕಳಿಗೆ ಅದು ಆಟ. ನನಗೆ ಶಿಕ್ಷೆ. ಬಾಯಿಗೆ ಬಂದ “ನಾಳೆ ಮಾಡೋಣ”ವನ್ನು ತಡ್ಕೊಳ್ಳೋದು ಎಷ್ಟು ಕಷ್ಟ ಅಂತ ಆಗ ಗೊತ್ತಾಯ್ತು. ಬರೆಯೋ ಮುಂಚೆ ಯೋಚಿಸಬೇಕು, ನಾಳೆ ಮೀಟಿಂಗ್ ಇದೆಯಾ, ಡ್ಯೂಟಿ ಇದೆಯಾ. ಮಾತು ಕೊಡೋದೇ ಕಮ್ಮಿ ಆಯಿತು. ದಿನಕ್ಕೆ ಒಂದು, ಜಾಸ್ತಿ ಅಂದರೆ ಎರಡು.

ಇದಾಗಿ ಒಂದೆರಡು ತಿಂಗಳ ಮೇಲೆ “ಆಮೇಲೆ” ಅಂದರೆ ಮಕ್ಕಳು ಆಮೇಲೆ ಅಂತಲೇ ಕೇಳಿಸಿಕೊಳ್ಳೋಕೆ ಶುರು ಮಾಡಿದರು. ಮುಂಚೆ ಅದು ಅವರ ಕಿವಿಗೆ “ಇಲ್ಲ” ಅಂತ ಕೇಳಿಸುತ್ತಿತ್ತು.

ನಂಬಿಕೆ ಇದ್ದರೆ ಸಾಕಾ? ಸಾಲದು. ಪುಟ್ಟನಿಗೆ ನನ್ನ ಮೇಲೆ ನಂಬಿಕೆ ಬಂದರೂ ಕೈ ಅವನ ಮಾತು ಕೇಳುತ್ತಿರಲಿಲ್ಲ. ನಮ್ಮನ್ನು ತಡೆಯೋ ಕೆಲಸ ಮಾಡೋದು ಹಣೆಯ ಹಿಂದಿರುವ ಮೆದುಳಿನ ಭಾಗ. ಅದು ಪೂರ್ತಿ ಬೆಳೆಯೋದು ಇಪ್ಪತ್ತು ದಾಟಿದ ಮೇಲೆ. ಏಳು ವರ್ಷದವನ ಬ್ರೇಕು ಸಡಿಲ ಇರೋದೇ. ಅದಕ್ಕೆ ಅಭ್ಯಾಸ ಬೇಕು.

ಅಭ್ಯಾಸಕ್ಕೆ ಏನೇನೋ ಮಾಡಿದೆ. ನಕ್ಷತ್ರದ ಸ್ಟಿಕ್ಕರ್ ಕೊಟ್ಟೆ, ಸ್ಟಿಕ್ಕರ್‌ಗೆ ಜಗಳ ಆಯ್ತು. “ಕಣ್ಣು ಮುಚ್ಚಿ ಉಸಿರು ಎಳ್ಕೊಳ್ಳಿ” ಅಂದೆ, ಎರಡನೇ ದಿನಕ್ಕೆ ಅದು ಎತ್ತು ಬುಸುಗುಡುವ ಸ್ಪರ್ಧೆಯಾಯ್ತು. ಕೊನೆಗೆ ಕೈ ಹಿಡಿದದ್ದು ನಾವೆಲ್ಲ ಚಿಕ್ಕಂದಿನಲ್ಲಿ ಆಡಿದ ಕೆರೆ-ದಡ.

ಸೀಮೆಸುಣ್ಣದಲ್ಲಿ ಒಂದು ಗೆರೆ. ಈ ಕಡೆ ದಡ, ಆ ಕಡೆ ಕೆರೆ. “ಕೆರೆ” ಅಂದರೆ ಮುಂದೆ ಹಾರು, “ದಡ” ಅಂದರೆ ಹಿಂದೆ ಹಾರು. ದಡದಲ್ಲಿ ನಿಂತಾಗ ಮತ್ತೆ “ದಡ” ಅಂದರೆ ಅಲ್ಲಾಡಬಾರದು. ಅಲ್ಲಾಡಬಾರದು ಅನ್ನೋದೇ ಆಟ. ಕಾಲು ಹಾರೋಕೆ ರೆಡಿ ಇರುತ್ತದೆ, ಕಿವಿ ಬೇಡ ಅನ್ನುತ್ತದೆ.

ಆದರೆ ನಾವು ಆಡುತ್ತಿದ್ದ ರೀತಿಯಲ್ಲಿ ಒಂದು ದೋಷ ಇದೆ. ತಪ್ಪಿದವರು ಔಟ್. ಪುಟ್ಟ ಮೊದಲ ನಿಮಿಷಕ್ಕೇ ಔಟಾಗಿ ಕಟ್ಟೆ ಮೇಲೆ ಕೂರುತ್ತಿದ್ದ. ಕೊನೆಯವರೆಗೆ ಆಡುತ್ತಿದ್ದದ್ದು ಮೊದಲೇ ನಿಧಾನವಾಗಿದ್ದ ಹುಡುಗಿಯರು. ಅಂದರೆ ಯಾರಿಗೆ ಅಭ್ಯಾಸ ಬೇಕೋ ಅವರಿಗೇ ಇಲ್ಲ! ಔಟ್ ತೆಗೆದು ಹಾಕಿದೆ. ತಪ್ಪಿದರೆ ಒಂದು ಚಪ್ಪಾಳೆ ಹೊಡೆದು ಮತ್ತೆ ನಿಲ್ಲೋದು, ಅಷ್ಟೇ. ದೊಡ್ಡ ಮಕ್ಕಳು “ಹಂಗಾದ್ರೆ ಗೆಲ್ಲೋದು ಯಾರು ಮಿಸ್?” ಅಂತ ಗೊಣಗಿದರು. ಯಾರೂ ಗೆಲ್ಲಲ್ಲ ಅಂದೆ. ಅದು ಅವರಿಗೆ ಇಷ್ಟ ಆಗಲಿಲ್ಲ. ಈಗಲೂ ಆಗಿಲ್ಲ.

ಮೂರು ವಾರ ಆದ ಮೇಲೆ ಆಟ ತಿರುಗಿಸಿದೆ. ಇನ್ನು ಮೇಲೆ ಕೆರೆ ಅಂದರೆ ದಡ, ದಡ ಅಂದರೆ ಕೆರೆ. ಅಮೆರಿಕದ ಒರೆಗನ್‌ನಲ್ಲಿ ಮೆಗನ್ ಮೆಕ್‌ಲೆಲೆಂಡ್ ಅನ್ನುವ ಸಂಶೋಧಕಿ ಪುಟ್ಟ ಮಕ್ಕಳಿಗೆ ಇಂಥದೇ ಆಟ ಬಳಸಿದ್ದಾರೆ, ತಲೆ ಮುಟ್ಟು ಅಂದರೆ ಕಾಲು ಮುಟ್ಟಬೇಕು. ಹೇಳಿದ್ದಕ್ಕೆ ಉಲ್ಟಾ ಮಾಡಬೇಕಾದರೆ ಮೊದಲು ಬಂದ ಚಲನೆಯನ್ನು ನಿಲ್ಲಿಸಲೇಬೇಕು. ಅವತ್ತು ಪುಟ್ಟನನ್ನೇ ನೋಡುತ್ತಾ ನಿಂತೆ. ಕಾಲ್ಬೆರಳು ನೆಲ ಕಚ್ಚಿಕೊಂಡಿವೆ. ಮೈ ಮುಂದಕ್ಕೆ ವಾಲಿದೆ. ನಾಲಿಗೆ ಹಲ್ಲಿನ ಮಧ್ಯೆ. “ಕೆರೆ” ಅಂದೆ. ಭುಜ ಮುಂದೆ ಹೋಯ್ತು, ಹಿಮ್ಮಡಿ ಎದ್ದಿತು, ನಿಂತಿತು. ಹಿಮ್ಮಡಿ ಮತ್ತೆ ನೆಲ ಮುಟ್ಟಿತು. ಹತ್ತಿರ ಹೋದಾಗ ಕೇಳಿಸಿತು, ತುಟಿಯಲ್ಲೇ ಗೊಣಗುತ್ತಿದ್ದ, “ಕೆರೆ ಅಂದ್ರೆ ದಡ, ಕೆರೆ ಅಂದ್ರೆ ದಡ.” ಮುಂಚೆ ನಾನು ಹೊರಗಿನಿಂದ ಕೂಗುತ್ತಿದ್ದ ‘ಕೈ ಕಟ್’ ಈಗ ಅವನ ಬಾಯಿಂದಲೇ ಬರುತ್ತಿತ್ತು, ಬೇರೆ ಪದದಲ್ಲಿ.

ಮಳೆ ಬಂದಾಗ ಒಳಗೆ ‘ಹಾರುತ್ತೆ’ ಆಟ. ಕಾಗೆ ಹಾರುತ್ತೆ ಅಂದರೆ ಕೈ ಎತ್ತಬೇಕು, ಎಮ್ಮೆ ಹಾರುತ್ತೆ ಅಂದರೆ ಎತ್ತಬಾರದು. ಇದರಲ್ಲಿ ಕೋಳಿ ದೊಡ್ಡ ಸಮಸ್ಯೆ. “ನಮ್ಮನೆ ಕೋಳಿ ಹುಣಸೆ ಮರ ಹತ್ತುತ್ತೆ ಮಿಸ್!” ಅಂತ ಅರ್ಧ ಗಂಟೆ ವಾದ ನಡೆದು ಕೋಳಿಯನ್ನು ಪಟ್ಟಿಯಿಂದ ತೆಗೆದೆವು.

ಉತ್ತರ ಕೂಗೋದಕ್ಕೆ ಒಂದು ಉಪಾಯ. ಉತ್ತರ ಗೊತ್ತಾದ ತಕ್ಷಣ ಅದನ್ನು ಮುಷ್ಟಿಯಲ್ಲಿ ಹಿಡಿದು ಎದೆ ಹತ್ತಿರ ಇಟ್ಟುಕೊಳ್ಳಬೇಕು. ನಾನು “ಬಿಡಿ” ಅಂದಾಗ ಬಿಡಬೇಕು. ಮಕ್ಕಳು ನಿಜವಾಗಿ ಮಿಡತೆ ಹಿಡಿದ ಹಾಗೆ ಹಿಡಿಯುತ್ತಾರೆ. ಪುಟ್ಟ ಆಗಾಗ ಬೆರಳ ಸಂದಿಯಿಂದ ಇಣುಕಿ ನೋಡುತ್ತಿದ್ದ, ಉತ್ತರ ಇನ್ನೂ ಇದೆಯಾ ಅಂತ. ಇದರಲ್ಲಿ ಸಿಕ್ಕಿಬಿದ್ದದ್ದು ಮತ್ತೆ ನಾನೇ. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ಕಂಡುಕೊಂಡಿದ್ದರು, ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸಾಮಾನ್ಯವಾಗಿ ಒಂದು ಸೆಕೆಂಡು ಮಾತ್ರ ಕಾಯುತ್ತಾರೆ, ಮೂರು ಸೆಕೆಂಡು ಕಾದರೆ ಹೆಚ್ಚು ಮಕ್ಕಳು ಬಾಯಿ ಬಿಡುತ್ತಾರೆ ಅಂತ. ನಾನು ಮನಸ್ಸಿನಲ್ಲಿ ಎಣಿಸಿ ನೋಡಿದೆ. ನನಗೆ ಎರಡಕ್ಕೇ ಬಾಯಿ ತುರಿಸುತ್ತಿತ್ತು.

ಎಲ್ಲ ತಳ್ಳಾಟವೂ ಬ್ರೇಕಿನ ವಿಷಯ ಅಲ್ಲ, ಅದನ್ನೂ ಹೇಳಬೇಕು. ಕೆಲವು ಮಕ್ಕಳು ಬೆಳಿಗ್ಗೆ ಏನೂ ತಿನ್ನದೆ ಬರುತ್ತಾರೆ. 2013ರಿಂದ ಕ್ಷೀರಭಾಗ್ಯದ ಹಾಲು ಇದೆ, 2024ರಿಂದ ರಾಗಿ ಮಾಲ್ಟ್ ಕೂಡ. ಹಾಲಿನ ಸಾಲಿನಲ್ಲಿ ಯಾರು ಜಾಸ್ತಿ ನುಗ್ಗುತ್ತಾರೋ ಅವರನ್ನು ಬೈಯೋ ಮುಂಚೆ “ಏನು ತಿಂದೆ?” ಅಂತ ಕೇಳೋದು ಈಗ ನನ್ನ ಅಭ್ಯಾಸ. ಒಂದನೇ ತರಗತಿಯ ಒಬ್ಬಳು ಹೆಸರು ಕರೆಯೋವರೆಗೂ ಕಾಯುತ್ತಲೇ ಇರಲಿಲ್ಲ, ಮೊಂಡಿ ಅಂದುಕೊಂಡಿದ್ದೆ. ಆರೋಗ್ಯ ತಪಾಸಣೆಗೆ ಬಂದ ಡಾಕ್ಟರು ನೋಡಿ ಹೇಳಿದರು, ಎರಡೂ ಕಿವಿ ಸೋರುತ್ತಿದೆ, ಸರಿಯಾಗಿ ಕೇಳಿಸುತ್ತಿಲ್ಲ ಅಂತ. ಹೆಸರೇ ಕೇಳಿಸದವಳು ಯಾವುದಕ್ಕೆ ಕಾಯಬೇಕು?

ಪುಟ್ಟ ಈಗ ಮೂರನೇ ತರಗತಿ. ತಳ್ಳೋದು ನಿಂತಿದೆ ಅಂತ ಹೇಳಲ್ಲ. ನಲ್ಲಿ ಹತ್ತಿರ ಈಗಲೂ ವಾರಕ್ಕೊಮ್ಮೆ ಯಾರಾದರೂ ಒದ್ದೆಯಾಗುತ್ತಾರೆ. ಅವನ ಅಮ್ಮ ಸಿಕ್ಕಾಗ “ಮನೇಲಿ ನೀವೂ ಬರೆದಿಡಿ” ಅಂದೆ. “ನಮ್ಗೆಲ್ಲಿ ಪುರುಸೊತ್ತು ಮಿಸ್, ಭಾನುವಾರ ಜಾತ್ರೆಗೆ ಕರ್ಕೊಂಡು ಹೋಗ್ತೀನಿ ಅಂದಿದ್ದೆ, ಓವರ್‌ಟೈಮ್ ಇತ್ತು” ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರ ಮಾತು ಅವರ ಕೈಯಲ್ಲಿ ಇಲ್ಲ.

ಹೋದ ಶುಕ್ರವಾರ ಹಲಗೆಯ ಚೌಕದಲ್ಲಿ ‘ಕೊನೇ ಪೀರಿಯಡ್ – ಕೆರೆ ದಡ’ ಅಂತ ಇತ್ತು. ಊಟ ಆದ ಮೇಲೆ ಆಫೀಸಿನಿಂದ ಕರೆ ಬಂತು, ಮಕ್ಕಳ ವಿವರ ಆನ್‌ಲೈನಿನಲ್ಲಿ ತುಂಬಬೇಕು, ಇವತ್ತೇ ಕೊನೆ. ನೆಟ್‌ವರ್ಕ್ ಬರೋದು ಕಿಟಕಿ ಹತ್ತಿರ ಮಾತ್ರ. ಒಂದೊಂದು ಹೆಸರಿಗೂ ಚಕ್ರ ಸುತ್ತುತ್ತಿತ್ತು. ತಲೆ ಎತ್ತಿದಾಗ ಬಾಗಿಲಲ್ಲಿ ಪುಟ್ಟ ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ. ಮುಷ್ಟಿ ಎದೆ ಹತ್ತಿರ ಇತ್ತು, ಗಟ್ಟಿಯಾಗಿ ಹಿಡಿದಿದ್ದ.

“ಬಿಡು” ಅಂದೆ.

“ಮಿಸ್, ಕೆರೆ ದಡ.”

“ಬರ್ತೀನಪ್ಪ. ಐದೇ ನಿಮಿಷ.”

ಅವನು ಹೋಗಲಿಲ್ಲ. ಹತ್ತಿರ ಬಂದು ಮುಷ್ಟಿ ಬಿಚ್ಚಿದ. ಒಳಗೆ ಸೀಮೆಸುಣ್ಣದ ತುಂಡು ಇತ್ತು, ಬೆವರಿಗೆ ಸ್ವಲ್ಪ ಕರಗಿತ್ತು.

“ಹಂಗಾದ್ರೆ ಬಂದು ಬರೀರಿ ಮಿಸ್” ಅಂದ.